ಗಾಳಿಬೋರೆಯ ಲೆಕ್ಕದ ಪುಸ್ತಕ

ಶಿವನಸಮುದ್ರದಲ್ಲಿ ಧುಮುಕಿದ ಕಾವೇರಿ ಅಲ್ಲಿಂದ ಮುಂದೆ ಕಾಡಿನೊಳಗೆ ಬಂಡೆಗಳನ್ನು ಬಳಸುತ್ತ ಹರಿದು, ಸಂಗಮದಲ್ಲಿ ಅರ್ಕಾವತಿಯನ್ನು ಕೂಡಿಕೊಂಡು, ಮೇಕೆದಾಟಿನ ಇರುಕಿಗೆ ನುಗ್ಗುತ್ತದೆ. ಈ ದಾರಿಯ ದಂಡೆಯಲ್ಲಿ ಭೀಮೇಶ್ವರಿ, ದೊಡ್ಡಮಾಕಳಿ, ಗಾಳಿಬೋರೆ ಎಂಬ ಮೂರು ಬಿಡಾರಗಳಿವೆ. ಇವತ್ತು ಅಲ್ಲಿಗೆ ಹೋಗುವವರಲ್ಲಿ ಹೆಚ್ಚಿನವರು ಬೆಂಗಳೂರಿನಿಂದ ವಾರದ ಕೊನೆಗೆ ಬರುವ ಕುಟುಂಬಗಳು, ಆಫೀಸಿನ ಗೆಳೆಯರ ಗುಂಪುಗಳು. 2012ರವರೆಗೆ ಅಲ್ಲಿಗೆ ಬರುತ್ತಿದ್ದ ಅತಿಥಿಯ ಬಗೆಯೇ ಬೇರೆ ಇತ್ತು. ಆತ ಸಾವಿರಾರು ಮೈಲಿ ದೂರದಿಂದ, ಅನೇಕ ಸಲ ಒಬ್ಬನೇ, ಒಂದು ಮೀನಿಗಾಗಿ ಬರುತ್ತಿದ್ದ.

ಮಳೆಗಾಲದ ಕೆಂಪು ನೀರು ಇಳಿದು ಹೊಳೆ ತಿಳಿಯಾದ ಮೇಲೆ ಅವನ ರಜೆ ಶುರು. ಬೆಳಗಿನ ಜಾವ ಎದ್ದು ಹರಿಗೋಲಿನಲ್ಲಿ ಒಂದು ಬಂಡೆಗೆ ಹೋಗಿ ಕೂರುತ್ತಿದ್ದ. ಜೊತೆಗೆ ಹೊಳೆಯ ಮಡುಗಳನ್ನೆಲ್ಲ ಬಲ್ಲ ಊರಿನ ಒಬ್ಬ ಆಳು. ಗಾಳಕ್ಕೆ ಚುಚ್ಚುವ ಎರೆ ಏನೆಂದರೆ, ನಮ್ಮದೇ ರಾಗಿ. ರಾಗಿ ಹಿಟ್ಟನ್ನು ಗಟ್ಟಿಯಾಗಿ ಬೇಯಿಸಿ, ವಾಸನೆಗೆ ಮಸಾಲೆ ಕಲಸಿ, ನಿಂಬೆಹಣ್ಣಿನಷ್ಟು ದಪ್ಪದ ಉಂಡೆ ಕಟ್ಟಿ ಮಡುವಿಗೆ ಎಸೆಯುವುದು. ಆಮೇಲೆ ಕಾಯುವುದು. ಗಂಟೆಗಟ್ಟಲೆ, ಒಮ್ಮೊಮ್ಮೆ ದಿನಗಟ್ಟಲೆ. ಮೀನು ಕಚ್ಚಿದರೆ ರೀಲಿನಿಂದ ನೂಲು ಚೀರಿಕೊಂಡು ಓಡುತ್ತಿತ್ತು. ಕೊನೆಗೂ ದಣಿದು ದಡಕ್ಕೆ ಬಂದ ಮೀನನ್ನು ತೂಗಿ, ಫೋಟೋ ತೆಗೆದು, ಮತ್ತೆ ನೀರಿಗೇ ಬಿಡುತ್ತಿದ್ದರು. ಸಂಜೆ ಬಿಡಾರಕ್ಕೆ ಮರಳಿ ಪುಸ್ತಕದಲ್ಲಿ ಬರೆಯುತ್ತಿದ್ದರು: ಇಂಥ ದಿನ, ಇಷ್ಟು ಗಂಟೆ, ಇಂಥ ಬಗೆಯ ಮೀನು, ಇಷ್ಟು ಪೌಂಡು.

ಈ ಲೇಖನ ಆ ಪುಸ್ತಕದ ಬಗ್ಗೆ. ಅದನ್ನು ಯಾರೂ ವಿಜ್ಞಾನಕ್ಕಾಗಿ ಬರೆಯಲಿಲ್ಲ. ಹಿಡಿದವನ ಹೆಮ್ಮೆಗಾಗಿ ಬರೆದರು. ಆದರೂ ನಮ್ಮ ಕಣ್ಣೆದುರಿನ ಹೊಳೆಯಲ್ಲಿ ಒಂದು ಜೀವಿ ಹೇಗೆ ಮರೆಯಾಯಿತು ಎಂಬುದಕ್ಕೆ ಗಟ್ಟಿಯಾದ ಸಾಕ್ಷಿ ಸಿಕ್ಕಿದ್ದು ಅಂಥ ಪುಸ್ತಕದಿಂದ.

ಉತ್ತರದಿಂದ ಬಂದ ರಜೆ

ಹೊಳೆಯ ದಂಡೆಯ ಮನೆಯಲ್ಲಿ ತಂಗಿ, ಮೀನು ಹಿಡಿಯುತ್ತ ರಜೆ ಕಳೆಯುವ ಈ ಪದ್ಧತಿ ಯುರೋಪಿನ ಉತ್ತರದ ತುದಿಯಿಂದ ಬಂದದ್ದು. ಹತ್ತೊಂಬತ್ತನೆಯ ಶತಮಾನದಲ್ಲಿ ಇಂಗ್ಲೆಂಡಿನ ಉಳ್ಳವರು ಸ್ಕಾಟ್ಲೆಂಡಿಗೋ ಇನ್ನೂ ಮೇಲಿನ ನಾರ್ವೆಗೋ ಹೋಗಿ, ಹೊಳೆಯ ಒಂದು ತುಂಡನ್ನೇ ಗುತ್ತಿಗೆ ಹಿಡಿದು, ಸಾಲ್ಮನ್ ಮೀನಿಗೆ ಗಾಳ ಹಾಕುತ್ತಿದ್ದರು. ಅವರಿಗೆ ಹೊಳೆ ತೋರಿಸುವ ಊರಿನ ಆಳಿಗೆ ಸ್ಕಾಟ್ಲೆಂಡಿನ ಮಾತಿನಲ್ಲಿ 'ಗಿಲ್ಲಿ' ಎಂದು ಹೆಸರು. ಈ ಪದ ಮುಂದೆ ಕಾವೇರಿ ದಂಡೆಗೂ ಬಂತು. ಆ ಲೋಕದಲ್ಲಿ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ತೂಕದ್ದು. 1922ರ ಅಕ್ಟೋಬರ್ 7ರಂದು ಸ್ಕಾಟ್ಲೆಂಡಿನ ಟೇ ನದಿಯಲ್ಲಿ ಜಾರ್ಜಿನಾ ಬ್ಯಾಲಂಟೈನ್ ಎಂಬ ಮಹಿಳೆ ಹಿಡಿದ 64 ಪೌಂಡಿನ, ಅಂದರೆ ಸುಮಾರು 29 ಕಿಲೋ ತೂಕದ ಸಾಲ್ಮನ್ ಇಂದಿಗೂ ಬ್ರಿಟನ್ನಿನ ದಾಖಲೆ.

ಭಾರತಕ್ಕೆ ನೌಕರಿಗೆ ಬಂದ ಬ್ರಿಟಿಷ್ ಅಧಿಕಾರಿಗಳಿಗೆ ಊರಿನ ಸಾಲ್ಮನ್ ನೆನಪಾಗುತ್ತಿತ್ತು. ಅದರ ಜಾಗವನ್ನು ತುಂಬಿದ್ದು ಮಹಶೀರ್. ಇಂಗ್ಲಿಷಿನಲ್ಲಿ ನೆಲೆನಿಂತ ಈ ಹೆಸರಿನ ಮೂಲದ ಬಗ್ಗೆ ಒಮ್ಮತವಿಲ್ಲ. ದೊಡ್ಡ ತಲೆ ಎಂಬ ಅರ್ಥದ 'ಮಹಾ ಶಿರ' ಎನ್ನುವವರಿದ್ದಾರೆ, ದೊಡ್ಡ ಹುರುಪೆಯ 'ಮಹಾಶಲ್ಕ' ಎನ್ನುವವರಿದ್ದಾರೆ, ಪಾರಸಿಯ 'ಮಾಹಿ ಶೇರ್', ಮೀನುಗಳಲ್ಲಿ ಹುಲಿ, ಎನ್ನುವವರೂ ಇದ್ದಾರೆ. ನಮ್ಮ ಕಾವೇರಿ ಸೀಮೆಯಲ್ಲಿ ಅದು ಬಿಳಿಮೀನು, ತುಳುವಿನಲ್ಲಿ ಪೆರುವೊಲ್. ಕುಲದಲ್ಲಿ ಅದು ಕಾಟ್ಲಾ, ರೋಹುಗಳ ನೆಂಟ. ಬಾಯಲ್ಲಿ ಹಲ್ಲಿಲ್ಲ, ಗಂಟಲಲ್ಲಿದೆ. ಏಡಿ, ಬಸವನಹುಳುಗಳನ್ನು ಅಲ್ಲಿಯೇ ಪುಡಿಮಾಡಿಕೊಳ್ಳುತ್ತದೆ. ರಭಸದ ನೀರಿನಲ್ಲಿ ಬೆಳೆದ ಮೈಯಾದ್ದರಿಂದ ಗಾಳ ಕಚ್ಚಿದ ಮೊದಲ ಓಟದ ಸೆಳೆತ ಭಯಂಕರ.

ಈ ಮೀನನ್ನು ಸಾಲ್ಮನ್ನಿಗಿಂತ ಮೇಲು ಎಂದು ವಾದಿಸಿ ಹೆಸರಾದವನು ಹೆನ್ರಿ ಸಲಿವನ್ ಥಾಮಸ್. ಮದ್ರಾಸ್ ಸಿವಿಲ್ ಸರ್ವಿಸಿನ ಈ ಅಧಿಕಾರಿ ನಮ್ಮ ದಕ್ಷಿಣ ಕನ್ನಡದ ಕಲೆಕ್ಟರ್ ಆಗಿದ್ದ. ಭಾರತದಲ್ಲಿ ಗಾಳ ಹಾಕುವುದರ ಬಗ್ಗೆ ಅವನು ಬರೆದ 'ದಿ ರಾಡ್ ಇನ್ ಇಂಡಿಯಾ' 1873ರಲ್ಲಿ ಮಂಗಳೂರಿನಲ್ಲೇ ಪ್ರಕಟವಾಯಿತು. ಮುಂದೆ ಅರ್ಧ ಶತಮಾನ ಈ ದೇಶದ ಬ್ರಿಟಿಷ್ ಗಾಳಗಾರರಿಗೆ ಅದೇ ಕೈಪಿಡಿ. ಆದರೆ ಥಾಮಸ್ ಬರೀ ಆಟಗಾರನಲ್ಲ. ಅದಕ್ಕೂ ಮೊದಲೇ, 1870ರಲ್ಲಿ, ದಕ್ಷಿಣ ಕನ್ನಡದ ಮೀನುಕೃಷಿಯ ಬಗ್ಗೆ ಅವನ ವರದಿಯೊಂದು ಹೊರಬಂದಿತ್ತು. ಬೇಸಿಗೆಯ ಮಡುಗಳಿಗೆ ವಿಷ ಹಾಕುವುದು, ಕಾಲುವೆಗಳಿಗೆ ಒತ್ತಾದ ಕೂಳಿ ಒಡ್ಡಿ ಮರಿಗಳನ್ನೆಲ್ಲ ಬಾಚುವುದು, ಇವೆಲ್ಲ ಹೊಳೆಯನ್ನು ಬರಿದು ಮಾಡುತ್ತವೆ ಎಂಬುದು ಅವನ ಚಿಂತೆ. ಇಂಥ ಒತ್ತಾಯಗಳು ಹಲವು ಕಡೆಯಿಂದ ಬಂದು, ಸಿಡಿಮದ್ದು ಮತ್ತು ವಿಷ ಬಳಸಿ ಮೀನು ಹಿಡಿಯುವುದನ್ನು ನಿಷೇಧಿಸುವ ಭಾರತೀಯ ಮೀನುಗಾರಿಕೆ ಕಾಯಿದೆ 1897ರಲ್ಲಿ ಜಾರಿಗೆ ಬಂತು.

ಇಲ್ಲೊಂದು ಸಿಕ್ಕು ಹುಟ್ಟಿತು, ಅದು ಇವತ್ತಿಗೂ ಬಿಡಿಸಿಕೊಂಡಿಲ್ಲ. ಕಲೆಕ್ಟರನಿಗೆ ಮೀನು ಎಂದರೆ ಆಟ. ಹೊಳೆ ಪಕ್ಕದವನಿಗೆ ಅದು ಸಾರು. ಹೊಳೆಯನ್ನು ಉಳಿಸಬೇಕೆಂದು ಮೊದಲು ದನಿ ಎತ್ತಿದವನು ಅದರ ಮೇಲೆ ಹೊಟ್ಟೆಪಾಡಿಗಾಗಿ ನಿಂತವನಲ್ಲ. ಅವನ ಕಣ್ಣಿಗೆ ಬಲೆ, ಕೂಳಿಗಳ ಮನುಷ್ಯ ಹೊಳೆಯ ಶತ್ರುವಾಗಿ ಕಂಡ. ಗಾಳದ ಮನುಷ್ಯ ಅದರ ರಕ್ಷಕನಾಗಿ ಕಂಡ.

ವಡೋದರಾದಲ್ಲಿ ಅಚ್ಚಾದ ಕಲ್ಯಾಣದ ಗಾಳ

ಹಾಗಾದರೆ ಸಂತೋಷಕ್ಕಾಗಿ ಗಾಳ ಹಾಕುವುದು ಬ್ರಿಟಿಷರು ತಂದ ಚಾಳಿಯೇ? ಹಾಗೆಂದುಕೊಳ್ಳುವುದು ಸುಲಭ. ಥಾಮಸ್ ಕೂಡ ಬಹುಶಃ ಹಾಗೇ ಅಂದುಕೊಂಡಿದ್ದಿರಬೇಕು, ಏಕೆಂದರೆ ಅದನ್ನು ಅಲ್ಲಗಳೆಯುವ ಪುಸ್ತಕ ಅವನ ಕಾಲಕ್ಕೆ ಇನ್ನೂ ಓಲೆಗರಿಗಳಲ್ಲಿ, ಹಸ್ತಪ್ರತಿಗಳಲ್ಲಿ ಮಲಗಿತ್ತು.

ಅದು 'ಮಾನಸೋಲ್ಲಾಸ'. ಬರೆಸಿದವನು ಕಲ್ಯಾಣದ ಚಾಲುಕ್ಯ ದೊರೆ, ಭೂಲೋಕಮಲ್ಲ ಎಂಬ ಬಿರುದಿನ ಮೂರನೆಯ ಸೋಮೇಶ್ವರ. ಆರನೆಯ ವಿಕ್ರಮಾದಿತ್ಯನ ಮಗ. ಕಾಲ ಸುಮಾರು 1130. ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣವೇ ಅವನ ರಾಜಧಾನಿ. ಸಂಸ್ಕೃತದ ಈ ಗ್ರಂಥದಲ್ಲಿ ಇಪ್ಪತ್ತಿಪ್ಪತ್ತು ಅಧ್ಯಾಯಗಳ ಐದು ಭಾಗ, ಒಟ್ಟು ನೂರು ಅಧ್ಯಾಯ. ರಾಜನೀತಿ, ಆನೆ, ಕುದುರೆ, ಅಡುಗೆ, ಸಂಗೀತ ಎಲ್ಲವೂ ಇದೆ. ಇಡ್ಲಿ, ದೋಸೆಗಳ ಹಳೆಯ ಉಲ್ಲೇಖ ಎಲ್ಲಿದೆ ಎಂಬ ಮಾತು ಬಂದಾಗಲೆಲ್ಲ ಈ ಪುಸ್ತಕದ ಹೆಸರು ಬರುತ್ತದೆ. ರಾಜನ ವಿನೋದಗಳ ಭಾಗದಲ್ಲಿ ಮಲ್ಲಯುದ್ಧ, ಕೋಳಿಯಂಕ, ಗಿಡುಗದ ಬೇಟೆಗಳ ಸಾಲಿನಲ್ಲಿಯೇ 'ಮತ್ಸ್ಯವಿನೋದ' ಎಂಬ ಅಧ್ಯಾಯವೂ ಇದೆ.

ಇದನ್ನು ಅಚ್ಚಿಗೆ ತಂದ ಕೀರ್ತಿ ಹೆಚ್ಚಾಗಿ ಗುಜರಾತಿಗೆ ಸಲ್ಲಬೇಕು. ಮೈಸೂರಿನಲ್ಲಿ ಅರ್ಥಶಾಸ್ತ್ರದ ಖ್ಯಾತಿಯ ಆರ್. ಶಾಮಾಶಾಸ್ತ್ರಿಗಳು ಇದರ ಮೊದಲ ಭಾಗವನ್ನು 'ಅಭಿಲಷಿತಾರ್ಥ ಚಿಂತಾಮಣಿ' ಎಂಬ ಇನ್ನೊಂದು ಹೆಸರಿನಲ್ಲಿ 1926ರಲ್ಲಿ ತಂದರು. ಪೂರ್ಣವಾಗಿ ತಂದದ್ದು ವಡೋದರಾ. ಅಲ್ಲಿನ ಮಹಾರಾಜ ಮೂರನೆಯ ಸಯಾಜಿರಾವ್ ಗಾಯಕವಾಡರ ಆಶ್ರಯದಲ್ಲಿ 1916ರಿಂದ ಹೊರಬರತೊಡಗಿದ ಗಾಯಕವಾಡ್ ಓರಿಯೆಂಟಲ್ ಸೀರೀಸ್ ಮಾಲೆಯಲ್ಲಿ, ಜಿ. ಕೆ. ಶ್ರೀಗೊಂಡೇಕರ್ ಅವರ ಸಂಪಾದನೆಯಲ್ಲಿ, 1925, 1939 ಮತ್ತು 1961ರಲ್ಲಿ ಮೂರು ಸಂಪುಟಗಳು ಬಂದವು. ಎರಡನೆಯ ಸಂಪುಟ ಬಂದ ವರ್ಷವೇ ಸಯಾಜಿರಾಯರು ತೀರಿಕೊಂಡರು. ಕನ್ನಡ ನಾಡಿನ ದೊರೆಯ ಗಾಳದ ಪಾಠ ಎಂಟು ಶತಮಾನದ ಮೇಲೆ ಜಗತ್ತಿಗೆ ತಲುಪಿದ್ದು ಹೀಗೆ, ವಿಶ್ವಾಮಿತ್ರಿ ನದಿಯ ದಂಡೆಯ ಊರಿನಿಂದ.

ಆ ಅಧ್ಯಾಯ ಮೂವತ್ತೈದರಷ್ಟು ಬಗೆಯ ಮೀನುಗಳನ್ನು ಹೆಸರಿಸುತ್ತದೆ. ಸಮುದ್ರದವು, ಹೊಳೆಯವು, ಹುರುಪೆ ಇರುವವು, ಇಲ್ಲದವು, ದೊಡ್ಡವು, ನಡುವಿನವು, ಸಣ್ಣವು ಎಂದು ವಿಂಗಡಿಸುತ್ತದೆ. ಯಾವ ಮೀನಿಗೆ ಯಾವ ತಿನಿಸು ಇಷ್ಟ, ಹಿಟ್ಟಿನ ಉಂಡೆಯೋ, ಅನ್ನವೋ, ಮಾಂಸವೋ ಎಂದು ಹೇಳುತ್ತದೆ. ಗಾಳ ಹಾಕುವ ಮೊದಲು ಮೀನಿಗೆ ತಿನಿಸು ಉಣಿಸಿ ಕೊಬ್ಬಿಸುವುದು, ಗಾಳದ ಕೋಲು, ನಾರಿನ ನೂಲು, ಕೊಕ್ಕೆ ಎಲ್ಲದರ ವಿವರವೂ ಇದೆ. ಮೀನುಶಾಸ್ತ್ರಜ್ಞ ಸುಂದರಲಾಲ್ ಹೋರಾ 1951ರಲ್ಲಿ ಈ ಅಧ್ಯಾಯದ ಮೇಲೆ ಪ್ರಬಂಧ ಬರೆದಾಗ ವಿಜ್ಞಾನಿಗಳ ಗಮನ ಇತ್ತ ಹರಿಯಿತು. ಇಂಗ್ಲಿಷಿನಲ್ಲಿ ಗಾಳದ ಬಗ್ಗೆ ಅಚ್ಚಾದ ಮೊದಲ ಬರಹ ಬಂದದ್ದು 1496ರಲ್ಲಿ. ಐಸಾಕ್ ವಾಲ್ಟನ್ನನ ಪ್ರಸಿದ್ಧ ಪುಸ್ತಕ 1653ರದು. ಸೋಮೇಶ್ವರನ ಪಾಠ ಇವೆರಡಕ್ಕೂ ಮೂರೂವರೆ ಶತಮಾನಕ್ಕಿಂತ ಹಳೆಯದು.

ಇದನ್ನು ನಮ್ಮ ಹೆಚ್ಚುಗಾರಿಕೆಗೆಂದು ಹೇಳುತ್ತಿಲ್ಲ. ಕಲ್ಯಾಣದ ದೊರೆ, ಮಂಗಳೂರಿನ ಕಲೆಕ್ಟರ್, ಗಾಳಿಬೋರೆಯ ಅತಿಥಿ, ಮೂವರಲ್ಲೂ ಒಂದು ಸಮಾನ ಗುಣವಿದೆ. ಬಲೆ ಬೀಸುವವನಿಗೆ ಹೊಳೆಯ ಮೀನೆಲ್ಲ ಒಂದೇ ರಾಶಿ. ಗಾಳದವನು ಮೀನನ್ನು ಒಂದೊಂದಾಗಿ ಎದುರಿಸಬೇಕು. ಅದು ಏನು ತಿನ್ನುತ್ತದೆ, ಎಲ್ಲಿ ಮಲಗುತ್ತದೆ, ಯಾವಾಗ ಎದ್ದು ಬರುತ್ತದೆ ಎಂದು ಕಾಯುತ್ತ ಕಲಿಯಬೇಕು. ಹೀಗೆ ಕಲಿತವನಿಗೆ ಬರೆದಿಡುವ ಚಪಲವೂ ಬರುತ್ತದೆ.

ನೂರಿಪ್ಪತ್ತು ಪೌಂಡು

ದಕ್ಷಿಣದ ಹೊಳೆಗಳಲ್ಲಿ ಬರೆದಿಟ್ಟ ದಾಖಲೆಗಳಲ್ಲಿ ಕಿರೀಟಪ್ರಾಯವಾದದ್ದು ಕಬಿನಿಯದು. ಮೈಸೂರಿನ ವ್ಯಾನ್ ಇಂಗನ್ ಮನೆತನದ ಹೆಸರು ನಿಮಗೆ ಗೊತ್ತಿರಬಹುದು. ಹುಲಿ, ಚಿರತೆಗಳ ಚರ್ಮಕ್ಕೆ ಜೀವಕಳೆ ಬರುವಂತೆ ಹೊಟ್ಟು ತುಂಬಿ ಕೊಡುವ ಅವರ ಕಾರ್ಖಾನೆ 1900ರಿಂದ ಸುಮಾರು ಒಂದು ಶತಮಾನ ನಡೆಯಿತು. ರಾಜಮಹಾರಾಜರ ಅರಮನೆಗಳ ಗೋಡೆಯ ಮೇಲಿನ ಎಷ್ಟೋ ಹುಲಿತಲೆಗಳು ಅಲ್ಲಿಂದ ಹೋದವು. ಆ ಮನೆತನದ ಡಿ ವೆಟ್ ವ್ಯಾನ್ ಇಂಗನ್ 1946ರ ಮಾರ್ಚ್‌ನಲ್ಲಿ ಕಬಿನಿಯಲ್ಲಿ 120 ಪೌಂಡಿನ, ಅಂದರೆ 54 ಕಿಲೋ ತೂಕದ ಬಿಳಿಮೀನು ಹಿಡಿದರು. ಟೇ ನದಿಯ ಆ ಸಾಲ್ಮನ್ನಿನ ಹೆಚ್ಚುಕಡಿಮೆ ಎರಡರಷ್ಟು. ಗಾಳಕ್ಕೆ ಸಿಕ್ಕ ಮಹಶೀರ್‌ಗಳಲ್ಲಿ ಇದನ್ನು ಮೀರಿಸಿದ್ದೆಂದು ಒಪ್ಪಿಕೊಂಡ ಇನ್ನೊಂದಿಲ್ಲ.

ಮಹಶೀರ್ ಹಿಮಾಲಯದ ಹೊಳೆಗಳಲ್ಲೂ ಇದೆ, ನರ್ಮದೆಯಲ್ಲೂ ಇದೆ, ಬರ್ಮಾದಲ್ಲೂ ಇದೆ. ಆದರೆ ಈ ಗಾತ್ರದವು ಕಾವೇರಿ ಮತ್ತು ಅದರ ಉಪನದಿಗಳವು. ಗಾಳಗಾರರು ಅದನ್ನು ಬೆನ್ನ ಮೇಲಿನ ಡುಬ್ಬದಿಂದ ಗುರುತಿಸುತ್ತಿದ್ದರು. ಕಿತ್ತಳೆ ಬಣ್ಣದ ರೆಕ್ಕೆ, ಬಂಗಾರದ ಹೊಳಪಿನ ಮೈ, ತಲೆಯ ಹಿಂದೆ ಏರುವ ಬೆನ್ನು. ಗಮನಿಸಬೇಕಾದ ಸಂಗತಿಯೆಂದರೆ, ಇಷ್ಟೆಲ್ಲ ಹೆಸರಾದ ಮೀನಿಗೆ ಸರಿಯಾದ ವೈಜ್ಞಾನಿಕ ಹೆಸರು ಇರಲಿಲ್ಲ. ಒಬ್ಬೊಬ್ಬ ಪಂಡಿತ ಒಂದೊಂದು ಕುಲಕ್ಕೆ ಸೇರಿಸುತ್ತಿದ್ದ. ತೂಕ ಎಲ್ಲರಿಗೂ ಗೊತ್ತಿತ್ತು, ಕುಲ ಯಾರಿಗೂ ಗೊತ್ತಿರಲಿಲ್ಲ.

ಸ್ವಾತಂತ್ರ್ಯದ ನಂತರ ಸಾಹೇಬರು ಹೋದರು, ಆಟ ಬಹುಮಟ್ಟಿಗೆ ನಿಂತಿತು. ಕನ್ನಂಬಾಡಿ ಮತ್ತು ಮೆಟ್ಟೂರು ಅಣೆಕಟ್ಟುಗಳು ಆಗಲೇ ಕಾವೇರಿಯನ್ನು ತುಂಡರಿಸಿದ್ದವು. 1974ರಲ್ಲಿ ಕಬಿನಿಗೂ ಕಟ್ಟೆ ಬಂತು. ಕಾಮಗಾರಿಗೆಂದು ಬರುತ್ತಿದ್ದ ಸಿಡಿಮದ್ದು ಹೊಳೆಯ ಮಡುಗಳಿಗೂ ಬಿತ್ತು. ಒಂದು ಸಿಡಿತಕ್ಕೆ ಮಡುವಿನ ದೊಡ್ಡದು, ಚಿಕ್ಕದು, ಮೊಟ್ಟೆ ಹೊತ್ತದ್ದು ಎಲ್ಲವೂ ಹೊಟ್ಟೆ ಮೇಲಾಗಿ ತೇಲುತ್ತವೆ. ದೊಡ್ಡ ಬಿಳಿಮೀನಿನ ಕಾಲ ಮುಗಿಯಿತೆಂದೇ ಹೊರಗಿನ ಗಾಳಗಾರರು ಭಾವಿಸಿದ್ದರು.

ಕಾವಲಿಗೆ ಬಂದ ಗಾಳ

1972ರಲ್ಲಿ ಬೆಂಗಳೂರಿನಲ್ಲಿ ವೈಲ್ಡ್‌ಲೈಫ್ ಅಸೋಸಿಯೇಷನ್ ಆಫ್ ಸೌತ್ ಇಂಡಿಯಾ ಹುಟ್ಟಿತು. 1977ರಲ್ಲಿ ಟ್ರಾನ್ಸ್ ವರ್ಲ್ಡ್ ಫಿಶಿಂಗ್ ಟೀಮ್ ಎಂಬ ಹೆಸರಿನಲ್ಲಿ ಮೂವರು ಇಂಗ್ಲಿಷ್ ತರುಣರು ಮಹಶೀರ್ ಉಳಿದಿದೆಯೇ ಎಂದು ಹುಡುಕುತ್ತ ಭಾರತಕ್ಕೆ ಬಂದರು. 1978ರಲ್ಲಿ ಅವರಲ್ಲೊಬ್ಬರ ಗಾಳಕ್ಕೆ ಕಾವೇರಿಯಲ್ಲಿ 92 ಪೌಂಡಿನ ಮೀನು ಬಿತ್ತು. ಸುದ್ದಿ ಇಂಗ್ಲೆಂಡಿನ ಗಾಳದ ಪತ್ರಿಕೆಗಳಿಗೆ ಮುಟ್ಟಿದ್ದೇ ತಡ, ಹುಚ್ಚು ಮತ್ತೆ ಹತ್ತಿಕೊಂಡಿತು. ಮುಂದೆ 'ರಿವರ್ ಮಾನ್‌ಸ್ಟರ್ಸ್' ಎಂಬ ಟಿವಿ ಸರಣಿಯಿಂದ ಜಗತ್ತಿಗೆಲ್ಲ ಪರಿಚಿತರಾದ ಜೆರೆಮಿ ವೇಡ್ ತಮ್ಮ ಮೊದಲ ವಿದೇಶಿ ಮೀನುಬೇಟೆಗೆಂದು ಹೊರಟದ್ದು 1982ರಲ್ಲಿ, ಭಾರತದ ಹೊಳೆಗಳಿಗೆ.

1980ರಲ್ಲಿ ಕರ್ನಾಟಕ ಸರ್ಕಾರದ ಜಂಗಲ್ ಲಾಡ್ಜಸ್ ಅಂಡ್ ರೆಸಾರ್ಟ್ಸ್ ಸಂಸ್ಥೆ ಆರಂಭವಾಗಿತ್ತು. ಕಬಿನಿಯ ಲಾಡ್ಜಿನಿಂದ ಶುರುಮಾಡಿ ಅದು ಕಾವೇರಿ ದಂಡೆಗೂ ಬಂತು. ಭೀಮೇಶ್ವರಿ, ದೊಡ್ಡಮಾಕಳಿ, ಗಾಳಿಬೋರೆ ಬಿಡಾರಗಳು ಹೀಗೆ ಹುಟ್ಟಿದವು. ನಿಯಮ ಒಂದೇ: ಹಿಡಿ, ತೂಗು, ಬಿಡು. 1987ರಲ್ಲಿ ಈ ಕಾಡು ಕಾವೇರಿ ವನ್ಯಜೀವಿಧಾಮವೆಂದು ಘೋಷಣೆಯಾಯಿತು.

ಈ ಬಿಡಾರಗಳ ಲೆಕ್ಕಾಚಾರ ಸರಳವಾಗಿತ್ತು. ಸಿಡಿಮದ್ದಿಗೆ ಸತ್ತ ಮೀನು ಒಂದು ಸಲ ಮಾರಾಟವಾಗುತ್ತದೆ. ಬದುಕಿರುವ ಮೀನು ವರ್ಷ ವರ್ಷವೂ ಅತಿಥಿಗಳನ್ನು ಕರೆತರುತ್ತದೆ. ಹಿಂದೆ ಕದ್ದು ಮೀನು ಹಿಡಿಯುತ್ತಿದ್ದವರನ್ನೇ ಗಿಲ್ಲಿಗಳಾಗಿ, ಕಾವಲುಗಾರರಾಗಿ ಸೇರಿಸಿಕೊಂಡರು. ಯಾವ ಮಡುವಿನಲ್ಲಿ ಯಾವ ಮೀನಿದೆ ಎಂದು ಅವರಿಗಿಂತ ಚೆನ್ನಾಗಿ ಬಲ್ಲವರು ಯಾರು? ಥಾಮಸ್ ಕಾಲದ ಸಿಕ್ಕು ಇಲ್ಲಿ ಸ್ವಲ್ಪಮಟ್ಟಿಗೆ ಸಡಿಲವಾಯಿತು. ಹೊಳೆ ಪಕ್ಕದವನ ಜ್ಞಾನಕ್ಕೆ ಸಂಬಳ ಬಂತು. ಅವನ ರಾಗಿಗೆ ಇಂಗ್ಲಿಷ್ ಪುಸ್ತಕಗಳಲ್ಲಿ ಜಾಗ ಬಂತು. ಹೊಳೆಯುದ್ದಕ್ಕೂ ಹಗಲಿಡೀ ಯಾರಾದರೂ ಬಂಡೆಯ ಮೇಲೆ ಕೂತಿರುತ್ತಿದ್ದುದರಿಂದ ಆ ತುಂಡಿನಲ್ಲಿ ಸಿಡಿಮದ್ದು ಹಾಕುವುದು ಕಷ್ಟವಾಯಿತು. ಮೀನು ಹೆಚ್ಚಿತು. ಗಾಳದಿಂದಲೇ ಹೊಳೆ ಉಳಿಯಿತು ಎಂದು ಎಲ್ಲರೂ ನಂಬುವ ಹಾಗಾಯಿತು. ಕಣ್ಣಿಗೆ ಕಾಣುತ್ತಿದ್ದುದೂ ಹಾಗೆಯೇ.

ಕೃಷ್ಣೆಯ ಮೀನು ಕಾವೇರಿಗೆ

ಇದೇ ವರ್ಷಗಳಲ್ಲಿ ಇನ್ನೊಂದು ಒಳ್ಳೆಯ ಕೆಲಸವೂ ನಡೆಯಿತು. ಪುಣೆ ಸಮೀಪದ ಲೋಣಾವಳದಲ್ಲಿ ಟಾಟಾ ವಿದ್ಯುತ್ ಕಂಪನಿಯ ಜಲಾಶಯಗಳಿವೆ. ಅಲ್ಲಿ 1970ರ ದಶಕದಿಂದ ಮಹಶೀರ್ ಸಂತಾನಾಭಿವೃದ್ಧಿ ಕೇಂದ್ರ ನಡೆಯಿತು. ಕೃತಕವಾಗಿ ಮೊಟ್ಟೆ ಮರಿ ಮಾಡಿಸಿ, ಲಕ್ಷಗಟ್ಟಲೆ ಮರಿಗಳನ್ನು ದೇಶದ ನಾನಾ ಭಾಗಗಳಿಗೆ ಕಳಿಸಿದರು. ಅಳಿಯುತ್ತಿರುವ ಮೀನನ್ನು ಉಳಿಸುವ ಈ ಕೆಲಸಕ್ಕೆ ಮೆಚ್ಚುಗೆಯೇ ಮೆಚ್ಚುಗೆ. ಕಾವೇರಿಗೂ ಮರಿಗಳು ಬಂದವು. ಹೊಳೆಗೆ ಬಿಡುವಾಗ ಮೀನುಗಾರಿಕೆ ಇಲಾಖೆಗೂ ಸಂತೋಷ, ಗಾಳದವರಿಗೂ ಸಂತೋಷ.

ಆದರೆ ಆ ಮರಿಗಳು ಕಾವೇರಿಯ ಡುಬ್ಬದ ಮೀನಿನವಲ್ಲ. ಅವು ನೀಲಿರೆಕ್ಕೆಯ ಮಹಶೀರ್, ವಿಜ್ಞಾನಿಗಳ ಮಾತಿನಲ್ಲಿ ಟಾರ್ ಖುದ್ರಿ. ಇದನ್ನು ಮೊದಲು ವರ್ಣಿಸಿದ್ದು ಕರ್ನಲ್ ಸೈಕ್ಸ್, 1839ರಲ್ಲಿ, ಪುಣೆಯ ಮುಳಾ ಮುಠಾ ನದಿಯ ಮೀನನ್ನು ನೋಡಿ. ಆ ನೀರು ಭೀಮೆಗೆ, ಭೀಮೆಯಿಂದ ಕೃಷ್ಣೆಗೆ ಹೋಗುತ್ತದೆ. ಕೃಷ್ಣೆಯ ಕಣಿವೆಯ ಮೀನನ್ನು ತಂದು ಕಾವೇರಿಯ ಮನೆಯಲ್ಲಿ ಬಿಟ್ಟ ಹಾಗಾಯಿತು. ಮಹಶೀರ್ ಎಂದರೆ ಮಹಶೀರ್, ಎಲ್ಲ ಒಂದೇ ಎಂಬುದು ಆಗಿನ ತಿಳಿವಳಿಕೆ. ಡುಬ್ಬದ ಮೀನಿಗೆ ತನ್ನದೇ ಹೆಸರಿಲ್ಲದ್ದರ ಬೆಲೆ ಇಲ್ಲಿ ತೆರಬೇಕಾಯಿತು. ಹೆಸರಿಲ್ಲದ ಜೀವಿಯನ್ನು ಬೇರೆಯೆಂದು ಗುರುತಿಸುವುದಾದರೂ ಹೇಗೆ, ಕಾಯುವುದಾದರೂ ಹೇಗೆ?

ಹೊಸಬ ಗಟ್ಟಿಗ. ಬೇಗ ಹೆಚ್ಚಿದ. ಗಾಳಕ್ಕೆ ದಿನವೂ ಸಿಗತೊಡಗಿದ.

ಪುಸ್ತಕ ಹೇಳಿದ್ದು

ಗಾಳಿಬೋರೆಯ ಲೆಕ್ಕವನ್ನು ಏಡ್ರಿಯನ್ ಪಿಂಡರ್ ಎಂಬ ಬ್ರಿಟಿಷ್ ಮೀನುವಿಜ್ಞಾನಿ ಮತ್ತು ಕೇರಳದ ರಾಜೀವ್ ರಾಘವನ್ ಮೊದಲಾದವರು ಕೈಗೆತ್ತಿಕೊಂಡು ಸಾಲುಸಾಲಾಗಿ ಎಣಿಸಿದರು. ಅಧ್ಯಯನ 2015ರಲ್ಲಿ ಪ್ರಕಟವಾಯಿತು. 1998ರಿಂದ 2012ರವರೆಗೆ ಅತಿಥಿಗಳೆಲ್ಲ ಸೇರಿ ಗಾಳ ಹಿಡಿದು ಕೂತದ್ದು 23,620 ಗಂಟೆ. ಹಿಡಿದು ಬಿಟ್ಟ ಮಹಶೀರ್ 6,161. ಒಂದು ಪೌಂಡಿನ ಮರಿಯಿಂದ ಹಿಡಿದು 104 ಪೌಂಡಿನ ದೈತ್ಯನವರೆಗೆ.

ಮೊದಲ ನೋಟಕ್ಕೆ ಸಿಹಿ ಸುದ್ದಿಯೇ. ವರ್ಷದಿಂದ ವರ್ಷಕ್ಕೆ ಸಿಗುವ ಮೀನಿನ ಸಂಖ್ಯೆ ಏರಿತ್ತು. ಕಾವಲು ಫಲ ಕೊಟ್ಟಿತ್ತು. ಆದರೆ ಸರಾಸರಿ ತೂಕ ಇಳಿದಿತ್ತು. ಬಗೆಯನ್ನು ಬೇರೆ ಮಾಡಿ ನೋಡಿದಾಗ ನಿಜ ಹೊರಬಿತ್ತು. 1998ರಲ್ಲಿ ಒಂದು ಡುಬ್ಬದ ಮೀನಿಗೆ ನಾಲ್ಕು ನೀಲಿರೆಕ್ಕೆಯವು ಸಿಗುತ್ತಿದ್ದವು. 2012ರಲ್ಲಿ ಒಂದಕ್ಕೆ 218. ಸಿಗುತ್ತಿದ್ದ ಆ ಕೆಲವು ಡುಬ್ಬದವು ಕೂಡ ಹೆಚ್ಚಾಗಿ ಮುದಿ ದೊಡ್ಡವು. ಮರಿಗಳು ಬರುತ್ತಲೇ ಇರಲಿಲ್ಲ. ಅಜ್ಜಂದಿರಷ್ಟೇ ಉಳಿದ ಊರಿನಂತೆ.

ಹೊಳೆಯಲ್ಲಿ ಮಹಶೀರ್ ತುಂಬಿ ತುಳುಕುತ್ತಿದ್ದಾಗಲೇ ಕಾವೇರಿಯ ಮಹಶೀರ್ ಮುಗಿಯುತ್ತಿತ್ತು. ಬರೀ ಕಣ್ಣಿಗೆ ಇದು ಕಾಣುವುದಿಲ್ಲ. ಸಂಜೆ ಸಂಜೆಗೆ ಯಾರೋ ತೂಕದ ಹೆಮ್ಮೆಗೆಂದು ಬರೆದ ಸಾಲುಗಳನ್ನು ಹದಿನೈದು ವರ್ಷ ಕೂಡಿಸಿದಾಗ ಮಾತ್ರ ಕಂಡಿತು. ಗಾಳಗಾರರ ಸಂತೋಷಕ್ಕೆಂದು ಬಂದ ಹೊಸ ಮೀನು ಈ ಪಲ್ಲಟಕ್ಕೆ ಒಂದು ಕಾರಣ. ಆ ಪಲ್ಲಟವನ್ನು ಬಯಲಿಗೆ ತಂದದ್ದೂ ಗಾಳಗಾರರ ಪುಸ್ತಕವೇ. ಎರಡೂ ನಿಜ, ಒಂದನ್ನು ಹೇಳಿ ಇನ್ನೊಂದನ್ನು ಬಿಡುವಂತಿಲ್ಲ.

ಹೆಸರು ಸಿಕ್ಕಿದ್ದು 2018ರಲ್ಲಿ. ಕಾವೇರಿಯ ಮುಖ್ಯ ಹರಿವಿನಲ್ಲಿ ಸಾಕಷ್ಟು ಮಾದರಿ ಸಿಗದೆ, ನೀಲಗಿರಿಯ ಬುಡದ ಮೋಯಾರ್ ನದಿಯಲ್ಲಿ ಉಳಿದಿದ್ದ ಮೀನುಗಳ ಅಂಗರಚನೆ ಮತ್ತು ಡಿಎನ್‌ಎ ನೋಡಿ, ಡುಬ್ಬದ ಮೀನು ಟಾರ್ ರೆಮಾದೇವಿ ಎಂದು ಅದೇ ತಂಡ ಸ್ಥಾಪಿಸಿತು. ಈ ಹೆಸರು ಕೇರಳದ ಪಾಂಬಾರ್ ಎಂಬ ಕಾವೇರಿಯ ಉಪನದಿಯಲ್ಲಿ ಸಿಕ್ಕ ಚಿಕ್ಕ ಮೀನುಗಳಿಗೆ ಕೆಲವು ವರ್ಷಗಳ ಹಿಂದೆ ಇಟ್ಟದ್ದು, ಮೀನುವಿಜ್ಞಾನಿ ಕೆ. ರೆಮಾದೇವಿ ಅವರ ಗೌರವಕ್ಕೆ. ಆ ಚಿಕ್ಕವೂ ಕಾವೇರಿಯ ದೈತ್ಯವೂ ಒಂದೇ ಕುಲವೆಂದು ಅಲ್ಲಿಯವರೆಗೆ ಯಾರಿಗೂ ಹೊಳೆದಿರಲಿಲ್ಲ. ಅದೇ ವರ್ಷ ಐಯುಸಿಎನ್ ತನ್ನ ಕೆಂಪು ಪಟ್ಟಿಯಲ್ಲಿ ಅದನ್ನು ತೀವ್ರ ಅಪಾಯದ ದರ್ಜೆಗೆ ಸೇರಿಸಿತು. ಹುಲಿಗಿಂತ ಒಂದು ಮೆಟ್ಟಿಲು ಹೆಚ್ಚಿನ ಅಪಾಯ. ಹೆಸರಿಟ್ಟ ವರ್ಷವೇ ಅಳಿವಿನ ಪಟ್ಟಿ.

ಗಾಳ ನಿಂತ ಮೇಲೆ

ಲೆಕ್ಕ 2012ಕ್ಕೆ ನಿಲ್ಲಲು ಕಾರಣವಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಲ್ಲಿ ಪ್ರಾಣಿ ಎಂದರೆ ಮೀನೂ ಸೇರುತ್ತದೆ, ಹಿಡಿಯುವುದೂ ಬೇಟೆಯೇ. ಹಿಡಿದು ಬಿಟ್ಟರೂ ಅದು ಬೇಟೆ ಎಂಬ ಅರ್ಥೈಸುವಿಕೆ ಬಂದ ಮೇಲೆ ವನ್ಯಜೀವಿಧಾಮದೊಳಗೆ ಗಾಳಕ್ಕೆ ಅವಕಾಶವಿಲ್ಲವಾಯಿತು. ಬಿಡಾರಗಳು ಉಳಿದವು, ಗಾಳ ಹೋಯಿತು, ಪುಸ್ತಕವೂ ಮುಚ್ಚಿತು.

ನಿಷೇಧದ ಹಿಂದಿನ ನ್ಯಾಯವನ್ನು ತಳ್ಳಿಹಾಕುವಂತಿಲ್ಲ. ಕಾಡಿನಲ್ಲಿ ಜಿಂಕೆಗೆ ಹಗ್ಗ ಹಾಕಿ ದಣಿಸಿ ಬಿಡುವ ಆಟಕ್ಕೆ ನಾವು ಒಪ್ಪುತ್ತೇವೆಯೇ? ಮೀನಿಗೆ ಮಾತ್ರ ಬೇರೆ ನ್ಯಾಯ ಏಕೆ? ತುಟಿಗೆ ಕೊಕ್ಕೆ ಸಿಕ್ಕಿ ಎಳೆದಾಡಿದ ಜೀವಕ್ಕೆ ಅದು ಆಟವಲ್ಲ. ಇದಕ್ಕೆ ಗಾಳದವರ ಬಳಿ ಪೂರ್ಣ ಉತ್ತರವಿಲ್ಲ. ಆದರೆ ಅವರು ಕೇಳುವ ಪ್ರಶ್ನೆಗೂ ನಮ್ಮ ಬಳಿ ಉತ್ತರವಿಲ್ಲ: ಬಂಡೆಯ ಮೇಲೆ ಕೂತವನನ್ನು ಎಬ್ಬಿಸಿದಿರಿ, ಸರಿ. ಈಗ ಆ ಮಡುವನ್ನು ನೋಡುತ್ತಿರುವವರು ಯಾರು?

ಮುಟ್ಟದೆ ಕಾಯುವ ಹಳೆಯ ದಾರಿ ನಮ್ಮಲ್ಲಿ ಇದೆ. ಕಾವೇರಿಯ ರಾಮನಾಥಪುರ, ತುಂಗೆಯ ಶೃಂಗೇರಿ, ಕಪಿಲೆಯ ಶಿಶಿಲ, ಇಲ್ಲೆಲ್ಲ ದೇವಸ್ಥಾನದ ಮುಂದಿನ ಹೊಳೆಯಲ್ಲಿ ಮಹಶೀರ್‌ಗಳು ಭಕ್ತರು ಎಸೆಯುವ ಪುರಿಗೆ ಮುಗಿಬೀಳುತ್ತವೆ. ಅವು ದೇವರ ಮೀನು, ಹಿಡಿಯುವಂತಿಲ್ಲ. ಯಾವ ಇಲಾಖೆಗೂ ಸಾಧ್ಯವಾಗದ ಕಾವಲನ್ನು ಒಂದು ನಂಬಿಕೆ ತಲೆಮಾರುಗಳಿಂದ ಮಾಡಿದೆ. ಆದರೆ ಆ ಕಾವಲು ಸ್ನಾನಘಟ್ಟದ ಉದ್ದಕ್ಕಷ್ಟೇ. 1996ರಲ್ಲಿ ಶಿಶಿಲದ ಹೊಳೆಗೆ ಯಾರೋ ವಿಷ ಹಾಕಿದಾಗ ದೇವರ ಮೀನುಗಳೇ ರಾಶಿ ರಾಶಿಯಾಗಿ ಸತ್ತವು. ಆ ಮೀನುಗಳ ನೆನಪಿಗೆ ಅಲ್ಲೊಂದು ಸ್ಮಾರಕವಿದೆ. ಮೀನಿಗೆ ಸ್ಮಾರಕ ಕಟ್ಟುವಷ್ಟು ಪ್ರೀತಿ ಇದ್ದ ಊರಿನಲ್ಲೂ ಹೊಳೆಯನ್ನು ಉಳಿಸಿಕೊಳ್ಳಲು ಪ್ರೀತಿಯೊಂದೇ ಸಾಲಲಿಲ್ಲ.

ಮುಂದೆ ಬರುವುದು ಇನ್ನೂ ದೊಡ್ಡದು. ಮೇಕೆದಾಟಿನಲ್ಲಿ 67 ಟಿಎಂಸಿ ನೀರು ನಿಲ್ಲಿಸುವ ಅಣೆಕಟ್ಟಿನ ಪ್ರಸ್ತಾವವಿದೆ. ಬೆಂಗಳೂರಿನ ಬಾಯಾರಿಕೆ ಸುಳ್ಳಲ್ಲ. ಕರ್ನಾಟಕ, ತಮಿಳುನಾಡುಗಳ ನಡುವಿನ ವಾದ ನಮಗೆಲ್ಲ ಬಾಯಿಪಾಠ. ಟಿಎಂಸಿಗಳ ಆ ವಾದದಲ್ಲಿ ಒಂದು ಮಾತು ಮಾತ್ರ ಅಪರೂಪಕ್ಕೂ ಕೇಳಿಸುವುದಿಲ್ಲ. ಮುಳುಗುವುದು ವನ್ಯಜೀವಿಧಾಮದ ಇದೇ ಕಣಿವೆ. ರಭಸದ ನೀರಿನಲ್ಲಷ್ಟೇ ಮೊಟ್ಟೆ ಇಡಬಲ್ಲ ಮೀನಿಗೆ ನಿಂತ ನೀರು ಮನೆಯಲ್ಲ.

ಬಹುಶಃ ಗಾಳವನ್ನು ಮತ್ತೆ ತರುವುದು ಬೇಕಿಲ್ಲ. ಬೇಕಾದದ್ದು ಅದರ ಜೊತೆ ಬಂದಿದ್ದ ಮೂರು ಸಂಗತಿಗಳು. ಹೊಳೆ ಪಕ್ಕದವನಿಗೆ ಹೊಳೆಯಿಂದ ಒಂದು ಮರ್ಯಾದೆಯ ಸಂಬಳ. ಮಡುವಿನ ಮೇಲೆ ದಿನವೂ ನೆಟ್ಟ ಒಂದು ಕಣ್ಣು. ಸಂಜೆಗೆ ಬರೆದಿಡುವ ಒಂದು ಪುಸ್ತಕ, ಅದರಲ್ಲಿ ತೂಕದ ಜೊತೆಗೆ ಕುಲವೂ. ಗಿಲ್ಲಿಗಳಾಗಿದ್ದವರಲ್ಲಿ ಅನೇಕರು ಇನ್ನೂ ಆ ಊರುಗಳಲ್ಲೇ ಇದ್ದಾರೆ. ನೀರಿನ ಮೇಲೆ ಎದ್ದ ಬೆನ್ನನ್ನು ನೋಡಿಯೇ ಡುಬ್ಬದ್ದೋ ನೀಲಿರೆಕ್ಕೆಯದೋ ಎಂದು ಹೇಳಬಲ್ಲ ಕೊನೆಯ ತಲೆಮಾರು ಅದು.

ಸೋಮೇಶ್ವರ ತನ್ನ ಕಾಲದ ಮೂವತ್ತೈದು ಮೀನುಗಳ ಹೆಸರನ್ನು ಬರೆಸಿಟ್ಟ, ವಡೋದರಾದ ಪಂಡಿತರು ಅದನ್ನು ಅಚ್ಚಿಗೆ ತಂದರು. ಹೆಸರುಗಳು ಉಳಿದವು, ಅವುಗಳಲ್ಲಿ ಎಷ್ಟೋ ಯಾವ ಮೀನಿನವು ಎಂದು ಇವತ್ತು ವಿದ್ವಾಂಸರು ಊಹಿಸಬೇಕಾಗಿದೆ. ಗಾಳಿಬೋರೆಯ ಪುಸ್ತಕಕ್ಕೆ ಆ ಗತಿ ಬರಲು ಎಂಟು ನೂರು ವರ್ಷ ಬೇಕಿಲ್ಲ.